ಹಿಟ್ಟಿನ ದುಂಬಿ: ಎರಡು ಪ್ರಭೇದಗಳ ಗುರುತು ಮತ್ತು ನೆಲೆ

ಗಿರಣಿ, ಗೋದಾಮುಗಳಿಂದ ಪರೀಕ್ಷೆಗೆ ಬರುವ ಹಿಟ್ಟು, ರವೆಗಳಲ್ಲಿ ಕಾಣುವ 3ರಿಂದ 4 ಮಿ.ಮೀ. ಉದ್ದದ, ಕೆಂಗಂದು ಬಣ್ಣದ ಚಪ್ಪಟೆ ಹುಳುವನ್ನು ನೋಡಿದ ಕೂಡಲೇ ‘ಕೆಂಪು ಹಿಟ್ಟಿನ ದುಂಬಿ’ ಎಂದು ಬರೆದುಬಿಡುವುದು ರೂಢಿ. ನಮ್ಮ ಹವೆಯಲ್ಲಿ ಈ ಊಹೆ ಹೆಚ್ಚಾಗಿ ನಿಜವೇ ಆಗುತ್ತದೆಯಾದರೂ, ಟ್ರೈಬೋಲಿಯಂ ಕ್ಯಾಸ್ಟೇನಿಯಂ ಎಂಬ ಈ ಪ್ರಭೇದಕ್ಕೆ ಬಣ್ಣದಲ್ಲೂ ಗಾತ್ರದಲ್ಲೂ ಸರಿಸಮನಾದ ಟ್ರೈಬೋಲಿಯಂ ಕನ್‌ಫ್ಯೂಸಮ್ ಎಂಬ ಇನ್ನೊಂದು ಇರುವುದರಿಂದ ಬರಿಗಣ್ಣಿನ ತೀರ್ಪು ಸಾಲದು.

ಮೊದಲು ಕುಟುಂಬವನ್ನು ಖಚಿತಪಡಿಸಿಕೊಳ್ಳಬೇಕು. ಟೆನೆಬ್ರಿಯೊನಿಡೆ ಕುಟುಂಬದ ದುಂಬಿಗಳ ಮುಂಗಾಲು ಮತ್ತು ನಡುಗಾಲುಗಳ ಪಾದದಲ್ಲಿ ಐದೈದು ಗೆಣ್ಣುಗಳಿದ್ದರೆ ಹಿಂಗಾಲಿನದರಲ್ಲಿ ನಾಲ್ಕೇ ಇರುತ್ತವೆ. ಆಮೇಲೆ ಹುಳುವಿಗೆ ಅಂಟಿದ ಹಿಟ್ಟನ್ನು ಮೆತ್ತನೆಯ ಕುಂಚದಿಂದ ತೆಗೆದು, ಮಸೂರದಡಿ ಮೀಸೆಯನ್ನು, ಅಂದರೆ ಸ್ಪರ್ಶಾಂಗವನ್ನು, ನೋಡಬೇಕು. ಕ್ಯಾಸ್ಟೇನಿಯಂನಲ್ಲಿ ತುದಿಯ ಮೂರು ಗೆಣ್ಣುಗಳು ಒಮ್ಮೆಲೇ ದಪ್ಪವಾಗಿ ಗದೆಯಂತಾಗುತ್ತವೆ. ಕನ್‌ಫ್ಯೂಸಮ್‌ನಲ್ಲಿ ದಪ್ಪ ತುದಿಯ ಕಡೆಗೆ ಕ್ರಮೇಣ ಏರುತ್ತದೆ. ಸತ್ತು ಒಣಗಿದ ಮಾದರಿಗಳಲ್ಲಿ ಮೀಸೆ ಮುರಿದಿರುವುದು ಸಾಮಾನ್ಯವಾದ್ದರಿಂದ ನಾನು ಹೆಚ್ಚು ನೆಚ್ಚುವುದು ಕಣ್ಣುಗಳನ್ನು. ಹುಳುವನ್ನು ಅಂಗಾತ ಮಲಗಿಸಿ ತಲೆಯ ಅಡಿಭಾಗವನ್ನು ನೋಡಿದಾಗ ಎರಡು ಕಣ್ಣುಗಳ ನಡುವಿನ ಅಂತರವು ಒಂದು ಕಣ್ಣಿನ ಅಗಲದಷ್ಟೇ ಇದ್ದರೆ ಅದು ಕ್ಯಾಸ್ಟೇನಿಯಂ; ಸುಮಾರು ಮೂರು ಪಟ್ಟು ಇದ್ದರೆ ಕನ್‌ಫ್ಯೂಸಮ್. ಕನ್‌ಫ್ಯೂಸಮ್‌ನ ಕಣ್ಣಿನ ಮೇಲೆ ಸಣ್ಣ ಏಣೂ ಇರುತ್ತದೆ. ಬಣ್ಣವನ್ನಂತೂ ನಂಬಲೇಬಾರದು, ಕೋಶದಿಂದ ಆಗತಾನೇ ಹೊರಬಂದ ದುಂಬಿ ಎರಡರಲ್ಲೂ ಪೇಲವವಾಗಿಯೇ ಇರುತ್ತದೆ.

ವ್ಯಾಪ್ತಿಯ ವಿಷಯ ಇಷ್ಟು ನೇರವಾಗಿಲ್ಲ. ಭಾರತ ಮತ್ತು ಆಸ್ಟ್ರೇಲಿಯಾ ಭಾಗದ ಮೂಲದ್ದೆಂದು ಎಣಿಸಲಾಗುವ ಕ್ಯಾಸ್ಟೇನಿಯಂಗೆ ಬಿಸಿ ಬೇಕು; 35 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಅದರ ಬೆಳವಣಿಗೆ ಅತಿ ಚುರುಕು. ಹಾಗಾಗಿ ರಾಯಚೂರು, ಬಳ್ಳಾರಿಯಂಥ ಬಿಸಿಲು ಸೀಮೆಯ ಹವೆ ಅದಕ್ಕೆ ಚೆನ್ನಾಗಿ ಒಗ್ಗುತ್ತದೆ. ಆಫ್ರಿಕಾ ಮೂಲದ್ದೆನ್ನಲಾಗುವ ಕನ್‌ಫ್ಯೂಸಮ್ ತಂಪು ದೇಶಗಳ ಗಿರಣಿಗಳಲ್ಲಿ ಹೆಚ್ಚು. ಆದರೆ ಧಾನ್ಯದ ವ್ಯಾಪಾರ ಎರಡನ್ನೂ ಜಗತ್ತಿನಾದ್ಯಂತ ಹರಡಿದೆ, ಚಳಿ ನಾಡಿನ ಬೆಚ್ಚನೆಯ ಕಟ್ಟಡದೊಳಗೆ ಕ್ಯಾಸ್ಟೇನಿಯಂ ಕೂಡ ಬದುಕುತ್ತದೆ. ಆದ್ದರಿಂದ ಸಿಕ್ಕಿದ ಊರನ್ನು ನೋಡಿ ಪ್ರಭೇದವನ್ನು ನಿರ್ಧರಿಸುವುದು ಸಲ್ಲದು.

ಈ ವ್ಯತ್ಯಾಸಕ್ಕೆ ಗಿರಣಿಯಲ್ಲೂ ಬೆಲೆಯಿದೆ. ಕ್ಯಾಸ್ಟೇನಿಯಂ ಸೆಕೆಯಲ್ಲಿ ಹಾರಬಲ್ಲದು, ಹೀಗಾಗಿ ಪಕ್ಕದ ಗೋದಾಮಿನಿಂದ ಕಿಟಕಿಯ ಮೂಲಕವೂ ಬಂದಿರಬಹುದು. ಕನ್‌ಫ್ಯೂಸಮ್‌ಗೆ ರೆಕ್ಕೆಯಿದ್ದರೂ ಅದು ಹಾರುವುದಿಲ್ಲವಾದ ಕಾರಣ, ಅದು ಸಿಕ್ಕಲ್ಲಿ ಮೊದಲು ತಪಾಸಿಸಬೇಕಾದದ್ದು ಹೊರಗಿನಿಂದ ಬಂದ ಚೀಲಗಳನ್ನು ಮತ್ತು ಯಂತ್ರದ ಸಂದಿಗಳಲ್ಲಿ ಉಳಿದ ಹಳೆಯ ಹಿಟ್ಟನ್ನು.