ಪ್ರಾರ್ಥನೆ ಮಾಡಿದರೂ ಭಯ ಹೋಗುತ್ತಿಲ್ಲ, ನನ್ನ ನಂಬಿಕೆಯಲ್ಲೇ ಕೊರತೆ ಇದೆಯಾ?

ಪ್ರಶ್ನೆ: ಪರೀಕ್ಷೆ ಹತ್ತಿರ ಬಂದಿದೆ. ಮನೆಯಲ್ಲಿ ದಿನಾ ಜಗಳ. ಪುಸ್ತಕ ತೆರೆದರೆ ಎದೆ ಹೊಡ್ಕೊಳ್ಳೋಕೆ ಶುರುವಾಗುತ್ತೆ. ಪ್ರಾರ್ಥನೆ ಮಾಡ್ತೀನಿ, ಮೊಣಕಾಲಿನಿಂದ ಎದ್ದ ಮೇಲೆ ಮತ್ತೆ ಅದೇ ಭಯ. ‘ಚಿಂತೆ ಮಾಡಬೇಡಿ’ ಅಂತ ಬೈಬಲ್‌ನಲ್ಲೇ ಇದೆಯಲ್ವಾ? ಹಾಗಾದ್ರೆ ನನ್ನ ನಂಬಿಕೆ ಸಾಲದಾ?

ಇಲ್ಲ. ಭಯ ಇದೆ ಅಂದ ಮಾತ್ರಕ್ಕೆ ನಂಬಿಕೆ ಇಲ್ಲ ಅಂತ ಅರ್ಥವಲ್ಲ. ಸುಮ್ನೆ ಸಮಾಧಾನಕ್ಕೆ ಹೀಗೆ ಹೇಳುತ್ತಿಲ್ಲ. ನೀವು ನೆನಪಿಸಿದ ಆ ವಚನವನ್ನೇ ತೆಗೆದುಕೊಳ್ಳಿ.

ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯ, 6ನೇ ವಚನ. ಯಾವುದಕ್ಕೂ ಚಿಂತೆ ಮಾಡದೆ ಎಲ್ಲವನ್ನೂ ದೇವರಿಗೆ ತಿಳಿಸಿ ಅನ್ನುತ್ತಾನೆ ಅಪೊಸ್ತಲ ಪೌಲ. ಅದನ್ನು ಬರೆಯುವಾಗ ಅವನು ಸೆರೆಯಲ್ಲಿದ್ದ. ಇದೇ ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರದ 11ನೇ ಅಧ್ಯಾಯದಲ್ಲಿ ತಾನು ತಿಂದ ಪೆಟ್ಟು, ಹಡಗು ಒಡೆದದ್ದು, ಹಸಿವು, ಚಳಿ, ನಿದ್ದೆಗೆಟ್ಟ ರಾತ್ರಿಗಳು ಎಲ್ಲವನ್ನೂ ಒಂದೊಂದಾಗಿ ಹೇಳಿ, ಇಷ್ಟೆಲ್ಲದರ ಜೊತೆಗೆ ಕ್ರೈಸ್ತ ಸಭೆಗಳ ಚಿಂತೆ ದಿನಾ ನನ್ನನ್ನು ಒತ್ತುತ್ತಿದೆ ಅನ್ನುತ್ತಾನೆ. ಮೂಲ ಗ್ರೀಕ್‌ನಲ್ಲಿ ಎರಡೂ ಕಡೆ ‘ಚಿಂತೆ’ ಅನ್ನೋದಕ್ಕೆ ಬಂದಿರುವುದು ಒಂದೇ ಮೂಲದ ಪದ. ಅಂದರೆ ಚಿಂತೆ ಏನೆಂದು ಚೆನ್ನಾಗಿ ಗೊತ್ತಿದ್ದವನೇ ನಮಗೆ ಈ ಮಾತು ಬರೆದಿದ್ದಾನೆ. ಅದನ್ನು ಬೈಗುಳದ ಹಾಗೆ ಓದಬೇಡಿ. ಮುಂದಿನ ವಚನದಲ್ಲಿ ದೇವರ ಸಮಾಧಾನ ನಿಮ್ಮ ಹೃದಯವನ್ನು ಕಾಯುತ್ತದೆ ಎಂಬ ಮಾತಿದೆ. ಅಲ್ಲಿ ಬಳಸಿರುವುದು ಸೈನಿಕರು ಕಾವಲು ಕಾಯುವ ಪದ. ಕಾವಲು ಬೇಕಾಗುವುದು ಅಪಾಯ ಇನ್ನೂ ಬಾಗಿಲಲ್ಲೇ ಇರುವಾಗ ಅಲ್ವಾ?

ಒಂದೇ ವಿಷಯಕ್ಕೆ ಮತ್ತೆ ಮತ್ತೆ ಪ್ರಾರ್ಥಿಸಬೇಕಾಗಿ ಬಂದರೂ ನಾಚಿಕೆ ಬೇಡ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಮೂರು ಸಲ ಹೋಗಿ ಪ್ರಾರ್ಥಿಸಿದ. ನನ್ನ ಪ್ರಾಣ ಸಾಯುವಷ್ಟು ದುಃಖದಲ್ಲಿದೆ ಎಂದು ಶಿಷ್ಯರ ಮುಂದೆಯೇ ಹೇಳಿದ. ಇಲ್ಲೇ ಇದ್ದು ಎಚ್ಚರವಾಗಿರಿ ಎಂದು ಕೇಳಿಕೊಂಡ. ಅವರು ಮಲಗಿಬಿಟ್ಟರು, ಅದು ಬೇರೆ ಮಾತು. ಆದರೆ ಅವನು ಕೇಳಿದ, ಅದನ್ನು ಮರೆಯಬೇಡಿ.

ನಾನು ಓದುತ್ತಿದ್ದಾಗ ನಮ್ಮ ಮನೆಯಲ್ಲೂ ಒಂದು ವರ್ಷ ಹೀಗೇ ಇತ್ತು. ಗೋಡೆಯ ಆಚೆ ಅಪ್ಪ ಅಮ್ಮನ ದನಿ ಏರುತ್ತಿತ್ತು, ಈಚೆ ನಾನು ಗಣಿತದ ಒಂದೇ ಲೆಕ್ಕವನ್ನು ಎಂಟು ಹತ್ತು ಸಲ ಓದುತ್ತಿದ್ದೆ, ಒಂದಕ್ಷರವೂ ತಲೆಗೆ ಹೋಗುತ್ತಿರಲಿಲ್ಲ, ಪಾತ್ರೆ ಜೋರಾಗಿ ಇಟ್ಟ ಸದ್ದಾದರೆ ಕೈಯಲ್ಲಿದ್ದ ಪೆನ್ನು ನಿಂತುಹೋಗುತ್ತಿತ್ತು. ಆಗ ನನ್ನ ಪ್ರಾರ್ಥನೆ ಬಹಳ ಚಂದ ಇರುತ್ತಿತ್ತು. ಕರ್ತನೇ ನಿನಗೆ ಸ್ತೋತ್ರ, ಎಲ್ಲವೂ ನಿನ್ನ ಚಿತ್ತ. ಅದರಲ್ಲಿ ನಿಜ ಇರಲಿಲ್ಲ. ಒಂದು ರಾತ್ರಿ ಬೈಬಲ್‌ನ 13ನೇ ಕೀರ್ತನೆ ಓದಿದೆ. ಮೊದಲ ಎರಡೇ ವಚನಗಳಲ್ಲಿ ನಾಲ್ಕು ಸಲ ‘ಇನ್ನೆಷ್ಟರ ತನಕ’ ಅಂತ ಕೇಳುತ್ತಾನೆ ಕೀರ್ತನೆಗಾರ. ದೇವರನ್ನೇ ಕೇಳುತ್ತಾನೆ, ಅದೂ ನೇರವಾಗಿ. ನಾನು ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಬರೆದೆ: ಇನ್ನೆಷ್ಟು ದಿನ ಈ ಕೂಗಾಟ? ಅಪ್ಪನ ಮೇಲೆ ಸಿಟ್ಟು ಬಂದಿದೆ. ಫೇಲ್ ಆಗ್ತೀನಿ ಅಂತ ಭಯ. ಆ ರಾತ್ರಿ ಜಗಳವೇನೂ ನಿಲ್ಲಲಿಲ್ಲ. ಆದರೆ ಆ ಲೆಕ್ಕ ಬಿಡಿಸಿ ಮಲಗಿದೆ.

ದೂರು, ಅಳು, ಸಿಟ್ಟು ಎಲ್ಲ ಪ್ರಾರ್ಥನೆಯ ಒಳಗೇ ಬರುತ್ತವೆ. 88ನೇ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅದನ್ನೂ ಬೈಬಲ್‌ನಲ್ಲಿ ಉಳಿಸಿಕೊಂಡಿದ್ದಾರೆ.

‘ನಿಮ್ಮ ಚಿಂತೆಯನ್ನೆಲ್ಲ ಆತನ ಮೇಲೆ ಹಾಕಿ’ ಅನ್ನುತ್ತದೆ 1 ಪೇತ್ರ 5:7. ಇಲ್ಲಿರುವ ಗ್ರೀಕ್ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ, ಲೂಕ 19:35ರಲ್ಲಿ. ಯೇಸು ಕೂರಲಿ ಎಂದು ಶಿಷ್ಯರು ತಮ್ಮ ಬಟ್ಟೆಗಳನ್ನು ಕತ್ತೆಮರಿಯ ಬೆನ್ನ ಮೇಲೆ ಹಾಕುತ್ತಾರಲ್ಲ, ಅದೇ ಪದ. ನನಗೆ ಈ ಚಿತ್ರ ತುಂಬಾ ಇಷ್ಟ. ಹೆಗಲಲ್ಲಿದ್ದದ್ದು ಈಗ ಇನ್ನೊಂದು ಬೆನ್ನ ಮೇಲಿದೆ. ಹೀಗೆ ಹಾಕಬೇಕಾದರೆ ಮೊದಲು ಅದನ್ನು ಕೈಯಲ್ಲಿ ಹಿಡಿಯಬೇಕು, ಅಂದರೆ ಹೆಸರಿಟ್ಟು ಹೇಳಬೇಕು. ನಾಳೆ ಓದಬೇಕಾದ ಎರಡು ಪಾಠ ನನ್ನ ಕೆಲಸ. ಅಪ್ಪ ಅಮ್ಮ ಮಾತಾಡಿಕೊಳ್ಳುತ್ತಾರಾ ಇಲ್ಲವಾ ಅನ್ನೋದು ನನ್ನ ಕೈಯಲ್ಲಿಲ್ಲ. ಅದನ್ನು ಹಾಕಿಬಿಡಿ. ಬೆಳಿಗ್ಗೆ ಅದು ವಾಪಸ್ ಹೆಗಲಿಗೆ ಬಂದಿರುತ್ತದೆ. ಮತ್ತೆ ಹಾಕಿ.

ಇನ್ನು ದೇಹದ ವಿಷಯ. 1 ಅರಸುಗಳು 19ನೇ ಅಧ್ಯಾಯವನ್ನು ದಯವಿಟ್ಟು ಪೂರ್ತಿ ಓದಿ. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಗೆಲುವು ಕಂಡ ಪ್ರವಾದಿ ಎಲೀಯ ರಾಣಿ ಈಜೆಬೆಲಳ ಬೆದರಿಕೆಗೆ ಓಡಿಹೋಗಿ, ಕಾಡಿನಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಬಿಡು ಅನ್ನುತ್ತಾನೆ. ದೇವದೂತ ಬಂದು ಬುದ್ಧಿ ಹೇಳಲಿಲ್ಲ. ಎದ್ದು ಊಟ ಮಾಡು ಅಂದ. ತಲೆಯ ಹತ್ತಿರ ಬಿಸಿ ರೊಟ್ಟಿ, ನೀರು. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲ ಎಬ್ಬಿಸಿ, ದಾರಿ ದೂರ ಇದೆ, ತಿನ್ನು ಅಂದ. ಆಮೇಲೆ 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆಯೇ ದೇವರ ಮೆಲ್ಲನೆಯ ದನಿ ಕೇಳಿಸಿದ್ದು. ರಾತ್ರಿಯೆಲ್ಲ ಎದ್ದು ಓದಿ, ಊಟ ಬಿಟ್ಟು, ಬೆಳಿಗ್ಗೆ ದೇವರು ದೂರ ಹೋಗಿದ್ದಾನೆ ಅನ್ನಿಸಿದರೆ ಮೊದಲು ಊಟ ಮಾಡಿ, ಮಲಗಿ.

ಎಲೀಯನ ಹಾಗೆ ಸಾಯಬೇಕು ಅನ್ನೋ ಯೋಚನೆ ನಿಮಗೂ ಬರುತ್ತಿದ್ದರೆ ಇವತ್ತೇ ಒಬ್ಬರಿಗೆ ಹೇಳಿ. ನಾಳೆ ಅಂತ ಕಾಯಬೇಡಿ, ಒಬ್ಬರೇ ಇರಬೇಡಿ. ವೈದ್ಯರ ಅಥವಾ ಆಪ್ತಸಮಾಲೋಚಕರ ಹತ್ತಿರ ಹೋಗುವುದು ನಂಬಿಕೆಗೆ ವಿರುದ್ಧ ಅಂತ ಯಾರಾದರೂ ಅಂದರೆ ಕೊಲೊಸ್ಸೆಯವರಿಗೆ 4:14 ತೋರಿಸಿ. ಪೌಲನ ಜೊತೆಗಿದ್ದ ಪ್ರಿಯ ಲೂಕ ಸ್ವತಃ ವೈದ್ಯ.

ಮನೆಯ ವಿಷಯ ಇನ್ನೂ ಕಷ್ಟ, ಗೊತ್ತು. ತಂದೆತಾಯಿಯನ್ನು ಗೌರವಿಸಬೇಕು, ನಿಜ. ಆದರೆ ಅವರ ಜಗಳಕ್ಕೆ ನೀವು ನ್ಯಾಯಾಧೀಶರಾಗಬೇಕಿಲ್ಲ. ಅದು ಮಗುವಿನ ಕೆಲಸವೇ ಅಲ್ಲ. ಕೊಲೊಸ್ಸೆಯವರಿಗೆ 3:21ರಲ್ಲಿ ತಂದೆಯರಿಗೂ ಒಂದು ಮಾತಿದೆ. ಮಕ್ಕಳನ್ನು ಕೆಣಕಬೇಡಿ, ಅವರು ಮನಗುಂದಬಾರದು ಅಂತ. ಅಂಕಗಳಿಗಾಗಿ ಮಕ್ಕಳನ್ನು ಹೋಲಿಸಿ ಮಾತಾಡುವ ಅಪ್ಪ ಅಮ್ಮ ಇದನ್ನು ಓದುತ್ತಿದ್ದರೆ ಮಾರ್ಕ 1:11 ಕೂಡ ನೋಡಿ. ‘ನೀನು ನನ್ನ ಪ್ರಿಯ ಮಗ, ನಿನ್ನನ್ನು ಮೆಚ್ಚಿದ್ದೇನೆ’ ಎಂದು ತಂದೆಯಾದ ದೇವರು ಹೇಳಿದಾಗ ಯೇಸು ಬೋಧನೆಯನ್ನೇ ಶುರು ಮಾಡಿರಲಿಲ್ಲ. ಮನೆಯಲ್ಲಿ ಹೊಡೆತ, ಹಿಂಸೆ ಇದ್ದರೆ ಮಾತ್ರ ಅದನ್ನು ಮುಚ್ಚಿಡುವುದು ಗೌರವ ಅಂದುಕೊಳ್ಳಬೇಡಿ. ಹೊರಗಿನ ದೊಡ್ಡವರಿಗೆ ತಿಳಿಸಲೇಬೇಕು.

ಹೋರೇಬಿನಲ್ಲಿ ಎಲೀಯ ಎರಡು ಸಲ ಒಂದೇ ಮಾತು ಹೇಳಿದ, ನಾನೊಬ್ಬನೇ ಉಳಿದಿದ್ದೇನೆ ಅಂತ. ನನಗೆ ನಿಷ್ಠರಾಗಿರುವ ಇನ್ನೂ 7,000 ಜನ ಇದ್ದಾರೆ ಅಂದ ದೇವರು. ಅವನ ಜೊತೆಗಿರಲು, ಮುಂದೆ ಪ್ರವಾದಿಯಾಗಲು ಎಲೀಷ ಎಂಬವನನ್ನೂ ತೋರಿಸಿಕೊಟ್ಟ. ನಿಮ್ಮ ಪಾಸ್ಟರ್, ಒಬ್ಬ ಟೀಚರ್, ಅತ್ತೆ, ಸಭೆಯಲ್ಲಿ ನಿಮ್ಮನ್ನು ಚಿಕ್ಕಂದಿನಿಂದ ನೋಡಿರುವ ಅಕ್ಕ, ಯಾರಾದರೂ ಒಬ್ಬರನ್ನು ಆರಿಸಿಕೊಳ್ಳಿ. ಹೇಗೆ ಶುರು ಮಾಡೋದು ಗೊತ್ತಾಗದಿದ್ದರೆ ಇಷ್ಟು ಹೇಳಿ: “ಮನೆಯಲ್ಲಿ ಸರಿ ಇಲ್ಲ, ಓದೋಕೆ ಆಗ್ತಿಲ್ಲ, ಹತ್ತು ನಿಮಿಷ ನನ್ನ ಮಾತು ಕೇಳ್ತೀರಾ?”