ಸ್ಟ್ರಾಂಗ್ ಕಾಫಿ ಸರಿ, ಸ್ಟ್ರಾಂಗ್ ಮಳೆ ಯಾಕಲ್ಲ?

ದರ್ಶಿನಿಯಲ್ಲಿ ‘ಒಂದು ಸ್ಟ್ರಾಂಗ್ ಕಾಫಿ’ ಎಂದರೆ ಡಿಕಾಕ್ಷನ್ ಜಾಸ್ತಿ, ಹಾಲು ಕಮ್ಮಿ. ಇಂಗ್ಲಿಷಿನಲ್ಲೂ ಆ ಮಾತು ಸರಿಯೇ. ಆದರೆ ಹೊರಗೆ ಸುರಿಯುವ ಮಳೆಯನ್ನು ‘ಸ್ಟ್ರಾಂಗ್ ರೈನ್’ ಎಂದರೆ ಇಂಗ್ಲಿಷ್ ಮನೆಮಾತಿನವರ ಕಿವಿಗೆ ಒಗ್ಗುವುದಿಲ್ಲ. ಅವರಿಗೆ ಮಳೆ ಹೆವಿ, ಗಾಳಿ ಸ್ಟ್ರಾಂಗ್, ಟೀವಿ ಸದ್ದು ಲೌಡ್. ನಮಗೆ ಮೂರೂ ಜೋರು. ತಪ್ಪು ಹುಟ್ಟುವುದು ಇಲ್ಲೇ.

ವ್ಯಾಕರಣದ ಯಾವ ನಿಯಮವೂ ಇದನ್ನು ವಿವರಿಸುವುದಿಲ್ಲ. ಇದು ಕೊಲೊಕೇಶನ್, ಅಂದರೆ ಪದಗಳ ಒಡನಾಟ. ಪದವನ್ನು ಅದರ ಸಹವಾಸದಿಂದಲೇ ಅರಿಯಬೇಕು ಎಂದು ಬ್ರಿಟಿಷ್ ಭಾಷಾವಿಜ್ಞಾನಿ ಜೆ.ಆರ್. ಫರ್ತ್ 1957ರಲ್ಲಿ ಬರೆದರು. ಅವರ ಶಿಷ್ಯ ಎಂ.ಎ.ಕೆ. ಹ್ಯಾಲಿಡೇ 1966ರಲ್ಲಿ ಉದಾಹರಣೆಗೆ ಎತ್ತಿಕೊಂಡಿದ್ದು ಇದೇ ‘ಸ್ಟ್ರಾಂಗ್’ ಪದವನ್ನು. ವಾದ ಸ್ಟ್ರಾಂಗ್ ಆದರೂ ಸರಿ, ಪವರ್‌ಫುಲ್ ಆದರೂ ಸರಿ. ಟೀ ಮಾತ್ರ ಸ್ಟ್ರಾಂಗ್, ಎಂಜಿನ್ ಜೋರಿರುವ ಕಾರು ಪವರ್‌ಫುಲ್. ಎರಡನ್ನೂ ಅದಲುಬದಲು ಮಾಡುವಂತಿಲ್ಲ.

‘ಸ್ಟ್ರಾಂಗ್ ಅಂದರೆ ಗಟ್ಟಿ’ ಎಂದು ಬಾಯಿಪಾಠ ಮಾಡಿದವರು ಬೇಗ ಎಡವುತ್ತಾರೆ. ನಮ್ಮ ಗಟ್ಟಿಯ ಸಂಸಾರ ದೊಡ್ಡದು: ಗಟ್ಟಿ ಮೊಸರು ಥಿಕ್, ಗಟ್ಟಿ ದನಿ ಲೌಡ್, ಗಟ್ಟಿ ನೆಲ ಹಾರ್ಡ್, ಗಟ್ಟಿ ಹಗ್ಗ ಸ್ಟ್ರಾಂಗ್. ಧಾರವಾಡ ಕಡೆಯ ಖಡಕ್ ಚಹಾ ಸ್ಟ್ರಾಂಗ್ ನಿಜ, ಆದರೆ ಖಡಕ್ ರೊಟ್ಟಿ ಕ್ರಿಸ್ಪ್, ಖಡಕ್ ಅಧಿಕಾರಿ ಸ್ಟ್ರಿಕ್ಟ್. ಹಾರ್ಡ್ ಮತ್ತು ಸ್ಟ್ರಾಂಗ್ ನಡುವಿನ ಗೆರೆಯನ್ನು ವಸ್ತುವಿಜ್ಞಾನ ಚೆನ್ನಾಗಿ ತೋರಿಸುತ್ತದೆ. ಗಾಜಿನ ಮೇಲೆ ಸುಲಭಕ್ಕೆ ಗೀರು ಬೀಳದು, ಅದು ಹಾರ್ಡ್, ಕೈಜಾರಿದರೆ ಚೂರುಚೂರು. ನೈಲಾನ್ ಹಗ್ಗ ಹೇಗೆ ಬೇಕಾದರೂ ಬಾಗುತ್ತದೆ, ಆದರೂ ಭಾರ ಹೊತ್ತು ಕಡಿಯದೆ ನಿಲ್ಲುತ್ತದೆ. ಅದು ಸ್ಟ್ರಾಂಗ್.

ರಸಾಯನಶಾಸ್ತ್ರಕ್ಕೆ ಬಂದಾಗ ಕಾಫಿಯ ಅರ್ಥವನ್ನು ಪೂರ್ತಿ ಮರೆಯಬೇಕು. ಕಾಫಿಯಲ್ಲಿ ಸ್ಟ್ರಾಂಗ್ ಎಂದರೆ ಸಾರ ಹೆಚ್ಚು. ಆಮ್ಲದಲ್ಲಿ ಹಾಗಲ್ಲ. ನೀರಿಗೆ ಬಿದ್ದ ಅಣುಗಳಲ್ಲಿ ಎಷ್ಟು ಪಾಲು ಅಯಾನುಗಳಾಗಿ, ಅಂದರೆ ವಿದ್ಯುದಾವೇಶವಿರುವ ಕಣಗಳಾಗಿ, ಒಡೆಯುತ್ತವೆ ಎಂಬುದೇ ಅಳತೆ. ಹೈಡ್ರೋಕ್ಲೋರಿಕ್ ಆಮ್ಲದ ಅಣುಗಳು ಹೆಚ್ಚುಕಡಿಮೆ ಎಲ್ಲವೂ ಒಡೆಯುತ್ತವೆ. ಲೀಟರಿಗೆ 0.1 ಮೋಲ್ (ಅಣುಗಳನ್ನು ಎಣಿಸುವ ಅಳತೆ) ಇರುವ ಅಸಿಟಿಕ್ ಆಮ್ಲದಲ್ಲಿ, ಅಂದರೆ ವಿನೆಗರಿನ ಹುಳಿಯಲ್ಲಿ, ಒಡೆಯುವುದು ನೂರಕ್ಕೆ ಸುಮಾರು 1.3 ಮಾತ್ರ. ಹಾಗಾಗಿ ಎಷ್ಟೇ ನೀರು ಬೆರೆಸಿದರೂ ಮೊದಲನೆಯದು ಸ್ಟ್ರಾಂಗ್ ಆಸಿಡ್ಡೇ. ನಮ್ಮ ಪಠ್ಯಪುಸ್ತಕಗಳ ‘ಪ್ರಬಲ’ (ಸ್ಟ್ರಾಂಗ್) ಮತ್ತು ‘ಸಾರರಿಕ್ತ’ (ನೀರು ಬೆರೆತು ತೆಳುವಾದ) ಬೇರೆಬೇರೆ ಪ್ರಶ್ನೆಗಳಿಗೆ ಉತ್ತರ. ‘ಸಾರರಿಕ್ತ ಪ್ರಬಲ ಆಮ್ಲ’ ಎಂಬುದರಲ್ಲಿ ವಿರೋಧವೇನೂ ಇಲ್ಲ. ಇದನ್ನು ಬಿಡಿಸಿ ಹೇಳದೆ ಮುಂದೆ ಹೋದರೆ ಮಕ್ಕಳು ಪ್ರಬಲವನ್ನು ‘ನೀರು ಕಮ್ಮಿ’ ಎಂದೇ ತಿಳಿದುಕೊಳ್ಳುತ್ತಾರೆ.

ವಿರುದ್ಧ ಪದವೂ ಒಂದೇ ಅಲ್ಲ. ಸ್ಟ್ರಾಂಗ್ ಟೀಗೆ ವೀಕ್, ಗಾಳಿಗೆ ಲೈಟ್, ವಾಸನೆಗೆ ಫೇಂಟ್. ಹೋಟೆಲಿನಲ್ಲಿ ನಾವು ಕೇಳುವ ‘ಲೈಟ್ ಟೀ’ ಇಂಗ್ಲೆಂಡಿನಲ್ಲಿ ವೀಕ್ ಟೀ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಬರೀ ‘ಸ್ಟ್ರಾಂಗ್’ ಬರೆಯಬೇಡಿ. ನಾಮಪದದ ಜೊತೆಗೇ ಬರೆಯಿರಿ, ಪಕ್ಕದಲ್ಲಿ ಆ ಜೋಡಿಯ ವಿರುದ್ಧ ಪದವೂ ಇರಲಿ. ದಿನಕ್ಕೆ ಮೂರು ಜೋಡಿ ಸಾಕು. ಸುದ್ದಿಯಲ್ಲಿ ‘200-ಸ್ಟ್ರಾಂಗ್’ ಗುಂಪು ಎಂದು ಕಂಡರೆ ಬಲದ ಮಾತಲ್ಲ, 200 ಜನರಿದ್ದರು ಎಂದಷ್ಟೇ.

ಉಚ್ಚಾರಣೆಗೆ ವರ್ಣಮಾಲೆಯ ಙ ನೆರವಾಗುತ್ತದೆ. ‘ಅಂಗಡಿ’ ಎನ್ನಲು ಹೊರಟು ಗ ಬರುವ ಮುಂಚೆಯೇ ನಿಲ್ಲಿಸಿ. ‘ಸ್ಟ್ರಾಂಗ್’ ಮುಗಿಯುವುದು ಆ ದನಿಯಲ್ಲಿ. ‘ಸ್ಟ್ರಾಂಗರ್’, ‘ಸ್ಟ್ರಾಂಗೆಸ್ಟ್’ ಆದಾಗ ಮಾತ್ರ ಅಂಗಡಿಯ ಗ ಪೂರ್ತಿ ಕೇಳಬೇಕು.