ಹೊಸ ಕಲ್ಲಿನ ಮೇಲೆ ಹಳೆಯ ಕಾಲ

2012ರಲ್ಲಿ ತೆರೆಕಂಡ 'ಪ್ರೊಮಿಥಿಯಸ್' ಚಿತ್ರದ ಮೊದಲ ದೃಶ್ಯದಲ್ಲಿ ಬೂದು ಬಣ್ಣದ ನೀರು ಧುಮ್ಮಿಕ್ಕುವ ಭಾರೀ ಜಲಪಾತವಿದೆ. ಬಿಳಿಚಿದ ಮೈಯ ದೈತ್ಯನೊಬ್ಬ ಅದರ ಅಂಚಿನಲ್ಲಿ ನಿಂತು ಕಪ್ಪು ದ್ರವ ಕುಡಿಯುತ್ತಾನೆ. ಅವನ ದೇಹ ಕರಗಿ ನೀರಿಗೆ ಬೀಳುತ್ತದೆ, ಅದರಿಂದ ಜೀವ ಮೊಳೆಯುತ್ತದೆ. 1979ರ 'ಏಲಿಯನ್' ಚಿತ್ರಕ್ಕೂ ಹಿಂದಿನ ಕಥೆಯನ್ನು ನಿರ್ದೇಶಕ ರಿಡ್ಲೆ ಸ್ಕಾಟ್ 33 ವರ್ಷಗಳ ನಂತರ ಹೇಳಹೊರಟಾಗ ಆರಿಸಿಕೊಂಡ ಆರಂಭ ಇದು. ಕಥೆ ಹಿಂದಕ್ಕೆ ಹೋಗಬೇಕು, ಕೈಯಲ್ಲಿರುವ ಸಲಕರಣೆಗಳೆಲ್ಲ ಇಂದಿನವು. ಪ್ರೀಕ್ವೆಲ್, ಅಂದರೆ ಹಿಂದಿನ ಕಥೆಯ ಚಿತ್ರ, ಮಾಡುವವರ ನಿಜವಾದ ಕಷ್ಟ ಇದೇ ಎಂದು ನನಗನ್ನಿಸುತ್ತದೆ.

ಆ ಜಲಪಾತ ಐಸ್‌ಲ್ಯಾಂಡಿನ ಡೆಟ್ಟಿಫಾಸ್. ಅಗಲ ಸುಮಾರು 100 ಮೀಟರ್, ಎತ್ತರ ಸುಮಾರು 45 ಮೀಟರ್. ಎತ್ತರದಲ್ಲಿ ಮಂಡ್ಯ ಜಿಲ್ಲೆಯ ಗಗನಚುಕ್ಕಿ ಅದನ್ನು ಮೀರಿಸುತ್ತದೆ. ಹಿಮನದಿ ಬಂಡೆಯನ್ನು ಉಜ್ಜಿ ತೆಗೆದ ಹುಡಿ ನೀರಿನಲ್ಲಿ ಬೆರೆತಿರುವುದರಿಂದ ಆ ಬೂದು ಬಣ್ಣ. ಜೀವ ಹುಟ್ಟುವ ಮುಂಚಿನ ಜಗತ್ತನ್ನು ತೋರಿಸಲು ಸ್ಕಾಟ್ ಹೋದದ್ದು ಭೂಮಿಯ ಮೇಲಿನ ತೀರಾ ಹೊಸ ನೆಲಗಳಲ್ಲಿ ಒಂದಕ್ಕೆ! ಎರಡು ಭೂಫಲಕಗಳು ದೂರ ಸರಿಯುವ ಬಿರುಕಿನ ಮೇಲೆ ಲಾವಾ ಉಕ್ಕಿ, ತಣಿದು ಆದ ದ್ವೀಪ ಐಸ್‌ಲ್ಯಾಂಡ್. ಅಲ್ಲಿನ ಅತಿ ಹಳೆಯ ಕಲ್ಲಿಗೂ ಸುಮಾರು 1.6 ಕೋಟಿ ವರ್ಷ ಮಾತ್ರ. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ಆಗ ಆ ನೆಲವೇ ಇರಲಿಲ್ಲ.

ನಿಜವಾದ ಹಳೆಯ ಕಲ್ಲು ಇರುವುದು ನಮ್ಮಲ್ಲಿ. ಮಂಡ್ಯದ ಹಳ್ಳಿಗಳ ಜಗುಲಿಗೆ ಹಾಸಿದ ಚಪ್ಪಡಿಯನ್ನು ಬಗ್ಗಿ ನೋಡಿ. ಅನೇಕ ಚಪ್ಪಡಿಗಳಲ್ಲಿ ಕಪ್ಪು, ಬಿಳಿ ಪಟ್ಟೆಗಳು ಅಲೆಯಲೆಯಾಗಿ ಬಳುಕುತ್ತವೆ. ಬಿಳಿಯದು ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್, ಕಪ್ಪಿನಲ್ಲಿ ಮಿನುಗುವುದು ಅಭ್ರಕ. ನೆಲದಾಳದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ, ಮೆತ್ತಗಾಗಿ ಮಡಚಿಕೊಂಡ ಈ ಶಿಲೆಯೇ ನೈಸ್. ಹಳೇ ಮೈಸೂರು ಸೀಮೆಯ ನೈಸ್‌ಗೆ 250ರಿಂದ 340 ಕೋಟಿ ವರ್ಷ. ಅದರೆದುರು ಚಾಮುಂಡಿ ಬೆಟ್ಟದ ಗ್ರಾನೈಟ್ ಕೂಡ ಎಳೆಯದು, ಅದರ ವಯಸ್ಸು ಸುಮಾರು 80 ಕೋಟಿ ವರ್ಷ. ನೈಸ್ ರೂಪುಗೊಳ್ಳುತ್ತಿದ್ದ ಕಾಲದಲ್ಲಿ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಹೇಳಬೇಕು. ಇದ್ದ ಜೀವವೆಲ್ಲ ಸೂಕ್ಷ್ಮಜೀವಿಗಳೇ.

ಆದರೂ ಕ್ಯಾಮೆರಾವನ್ನು ಮಳವಳ್ಳಿಗೆ ತಂದಿದ್ದರೆ ಆ ಕಾಲ ತೆರೆಯ ಮೇಲೆ ಬರುತ್ತಿರಲಿಲ್ಲ. ನಮ್ಮ ಬಂಡೆ ಶಿಥಿಲವಾಗಿ ಮಣ್ಣಾಗಿದೆ, ಮಣ್ಣಿನಲ್ಲಿ ಕಬ್ಬು, ಭತ್ತ ನಿಂತಿವೆ. ನೆಲದ ಮೇಲೆ ಗಿಡಗಳು ಹರಡತೊಡಗಿ ಇನ್ನೂ 50 ಕೋಟಿ ವರ್ಷವೂ ಆಗಿಲ್ಲ. ಅದಕ್ಕೂ ಮುಂಚಿನ ಭೂಮಿಯ ಮುಖ ಐಸ್‌ಲ್ಯಾಂಡಿನ ಲಾವಾದಂತೆ ಬೋಳು ಕಲ್ಲಿನ ಮುಖ. ಸ್ಕಾಟ್ ಆಯ್ಕೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಅದೇ ದೃಶ್ಯದ ಜೀವವಿಜ್ಞಾನವನ್ನು ಮಾತ್ರ ಒಪ್ಪಲಾರೆ. ದೈತ್ಯನ ಡಿಎನ್‌ಎ ಮನುಷ್ಯನದಕ್ಕೆ ಹೊಂದುತ್ತದೆ ಎನ್ನುತ್ತದೆ ಚಿತ್ರ. ಚಿಂಪಾಂಜಿಯಿಂದ ಬಾಳೆಗಿಡದವರೆಗೆ ಎಲ್ಲ ಜೀವಿಗಳೊಂದಿಗೂ ನಮ್ಮ ಡಿಎನ್‌ಎಗೆ ನಂಟಿದೆ. ಮನುಷ್ಯನನ್ನಷ್ಟೇ ಬೇರ್ಪಡಿಸಿ ಆಕಾಶದ ವಂಶಕ್ಕೆ ಸೇರಿಸಲು ಬರುವುದಿಲ್ಲ.

ಯಂತ್ರಗಳ ಮಾತು ಇನ್ನೊಂದು. 'ಏಲಿಯನ್' ಕಥೆ ನಡೆಯುವುದು 2122ರಲ್ಲಿ, ಅದರ ನೌಕೆಯಲ್ಲಿರುವುದು ದಪ್ಪ ಗಾಜಿನ ಪರದೆಗಳು ಮತ್ತು ಹಸಿರು ಅಕ್ಷರಗಳು. ಹಳೆಯ ವಿಮಾನಗಳ ಗುಜರಿ ಭಾಗಗಳಿಂದ ಅದರ ಒಳಾಂಗಣ ಕಟ್ಟಿದ್ದರು. 'ಪ್ರೊಮಿಥಿಯಸ್' ನೌಕೆ ಚಂದ್ರನೊಂದಕ್ಕೆ ಇಳಿಯುವುದು 2093ರಲ್ಲಿ, ಆ ನೌಕೆಯಲ್ಲಿ ನಕ್ಷೆ ಬೆಳಕಾಗಿ ಗಾಳಿಯಲ್ಲೇ ತೇಲುತ್ತದೆ. ಇದಕ್ಕೊಂದು ಸಮಾಧಾನವಿದೆ: ಒಂದು ಕೋಟ್ಯಧಿಪತಿಯ ಸಂಶೋಧನಾ ನೌಕೆ, ಮತ್ತೊಂದು ಸರಕು ಎಳೆಯುವ ನೌಕೆ. ಮಂಡ್ಯದ ರಸ್ತೆಯಲ್ಲಿ ಹೊಸ ಕಾರಿನ ಪಕ್ಕದಲ್ಲೇ ಕಬ್ಬಿನ ಗಾಡಿ ಸಾಗುವುದಿಲ್ಲವೇ?

ಅಳತೆಗಂತೂ ಸಮಾಧಾನ ಸಿಗಲಿಲ್ಲ. 1979ರ ಚಿತ್ರದಲ್ಲಿ ಅದೇ ಕುಲದ, ಸತ್ತುಹೋದ ದೈತ್ಯ ಚಾಲಕನ ಪ್ರತಿಮೆ ಇನ್ನೂ ದೊಡ್ಡದಾಗಿ ಕಾಣಲೆಂದು ಸ್ಕಾಟ್ ದೂರದ ಕೆಲವು ಶಾಟ್‌ಗಳಲ್ಲಿ ಮಕ್ಕಳಿಗೆ ಪುಟ್ಟ ಗಗನಯಾತ್ರಿ ಉಡುಪು ತೊಡಿಸಿ ನಿಲ್ಲಿಸಿದ್ದರು. ಅವರಲ್ಲಿ ಸ್ಕಾಟ್ ಅವರ ಸ್ವಂತ ಮಕ್ಕಳೂ ಇದ್ದರು. 2012ರಲ್ಲಿ ಆ ದೈತ್ಯ ಎದ್ದು ನಡೆಯಬೇಕಾಯಿತು, ವೇಷ ಹಾಕಿದ ಎತ್ತರದ ನಟ ಅವನಾಗಬೇಕಾಯಿತು. ಎರಡು ಚಿತ್ರಗಳನ್ನು ಒಂದರ ಹಿಂದೊಂದು ನೋಡಿದರೆ ಹಳೆಯ ದೈತ್ಯನೇ ಬಹಳ ದೊಡ್ಡವನು.